ಕುರಿಹಾಲು ಕುಡಿದ ನಾಯಿ

ಮೇಲಿನ ಕುರಿಹಟ್ಟಿ, ಪತಗೋನಿಯಾ

ದೋನ್ ಎವಾರಿಸ್ತೋ ಯಜಮಾನರಿಗೆ,

ನಿಮ್ಮ ಕೈಯ ಗಾಯ ಮಾಯುತ್ತಿರಬೇಕು. ನಾಯಿಗೆ ಗುಂಡು ಹೊಡೆಯಬೇಕೆಂಬ ನಿಮ್ಮ ಅಪ್ಪಣೆಯನ್ನು ಮೇಸ್ತ್ರಿ ತಿಳಿಸಿದ. ನಾನು ಹೊಡೆಯುವುದಿಲ್ಲ.

ಕಣ್ಣು ತೆರೆಯುವ ಮೊದಲೇ ಅದನ್ನು ಕುರಿಯ ಕೆಚ್ಚಲಿಗೆ ಹಚ್ಚಿದವಳು ನಾನು. ಕುರಿಗಳೇ ಅದರ ಬಳಗ. ಅದು ಬಂದ ಮೇಲೆ ಪೂಮಾ ಒಂದು ಕುರಿಮರಿಯನ್ನೂ ಒಯ್ದಿಲ್ಲ. ನೀವು ಹೇಳದೆ ಕೇಳದೆ ಮರಿಯನ್ನು ಎತ್ತಿಕೊಂಡಿರಿ.

"ಯಜಮಾನ್ರನ್ನೇ ಕಚ್ಚೋದಾ?" ಎಂದ ಮೇಸ್ತ್ರಿ.

"ಯಜಮಾನ್ರು ಯಾರು ಅಂತ ಅದಕ್ಕೆ ಯಾರು ಹೇಳ್ಕೊಟ್ಟಿದ್ರು?" ಎಂದೆ.

ಮುಂದಿನ ಸಲ ಬೇಲಿಯಾಚೆ ನಿಂತು ಕರೆಯಿರಿ, ಮರಿಯನ್ನು ನಾನೇ ತಂದು ತೋರಿಸುತ್ತೇನೆ.

ಮನುಷ್ಯರ ಸಲಿಗೆ ಸಿಕ್ಕರೆ ಇಂಥ ನಾಯಿ ಮಂದೆ ಬಿಟ್ಟು ಮನೆ ಸೇರುತ್ತದೆ. ಅದಕ್ಕೇ ಮೂರು ವರ್ಷದಲ್ಲಿ ಒಮ್ಮೆಯೂ ನಾನು ಅದರ ತಲೆ ಸವರಿಲ್ಲ. ಅಷ್ಟು ಕಾಲ ತಡೆದಿಟ್ಟ ಈ ಕೈಯಿಂದ ಬಂದೂಕು ಎತ್ತಲಾರೆ.

ನಿಮ್ಮ ಕುರಿ ಕಾಯುವ,
ರೊಸೆಂದಾ