ಮುಂದಿನ ಸಾಲಿನ ಜಾಗ

ನಮ್ಮ ಚರ್ಚಿನ ಕ್ವಾಯರ್ ಮಾಸ್ಟರ್ ಅವರಿಗೆ,

ಪ್ರಭುವಿನಲ್ಲಿ ವಂದನೆಗಳು. ಗಂಟಲಿನ ಆಪರೇಷನ್ ಆದಮೇಲೆ ನಮ್ಮ ಅತ್ತೆಗೆ ದನಿ ಹೋಗಿದೆಯೆಂಬ ಕಾರಣಕ್ಕೆ, ಹಾಡುವವರ ಮುಂದಿನ ಸಾಲಿನ ಅವರ ಜಾಗವನ್ನು ಬೇರೆಯವರಿಗೆ ಕೊಡುತ್ತೀರೆಂದು ಕೇಳಿದೆ. ದಯವಿಟ್ಟು ಕೊಡಬೇಡಿ.

ಅಭ್ಯಾಸದ ದಿನ ಗ್ಯಾಸ್ ಮುಗಿದರೆ, ಬಸ್ಸು ತಪ್ಪಿದರೆ ಸಿಡುಕುವವಳು ನಾನು. ಅವರು ಮಾತ್ರ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಗುತ್ತಾ ನಿಂತಿರುತ್ತಾರೆ. ಹಾಡುವಾಗ ಈಗ ಬರೀ ತುಟಿ ಆಡಿಸುತ್ತಾರೆ, ಒಪ್ಪಿದೆ. ಆದರೆ ನೀವು ಎದುರು ನಿಲ್ಲುವವರು, ಹಿಂದಿನಿಂದ ಕಾಣುವುದು ನಿಮಗೆ ಗೊತ್ತಿಲ್ಲ. ಉಸಿರು ಎಳೆಯುವ ಜಾಗ ಬಂದಾಗ ಅವರ ಹೆಗಲು ಮೇಲೇಳುತ್ತದೆ. ಬೇಜಾರು ಮಾಡಿಕೊಳ್ಳಬೇಡಿ, ಹಿಂದಿನ ಸಾಲಿನವರೆಲ್ಲ ಉಸಿರು ಎಳೆಯುವುದು ನಿಮ್ಮ ಕೈ ನೋಡಿ ಅಲ್ಲ, ಆ ಹೆಗಲು ನೋಡಿ. ಹೋದ ಭಾನುವಾರ ಅವರು ಗಂಟಲಿನ ತಪಾಸಣೆಗೆಂದು ಮತ್ತೆ ಆಸ್ಪತ್ರೆಯಲ್ಲಿದ್ದರು. ಎರಡನೇ ಚರಣದಲ್ಲಿ ನಾವು ಒಬ್ಬೊಬ್ಬರು ಒಂದೊಂದು ಕಡೆ ಉಸಿರು ಸಾಲದೆ ನಿಂತದ್ದು ನಿಮಗೂ ಕೇಳಿಸಿರಬೇಕು.

ಇನ್ನೊಂದು ಮಾತು. ನನ್ನ ಮಗು ತೀರಿಕೊಂಡ ವರ್ಷ ನನಗೆ ದನಿಯಿತ್ತು, ಹಾಡುವ ಮನಸ್ಸಿರಲಿಲ್ಲ. ದೇವರ ಮೇಲೆ ಮುನಿಸಿಕೊಂಡು ಬಾಯಿ ಬಿಗಿದು ನಿಲ್ಲುತ್ತಿದ್ದೆ. ಅತ್ತೆ ಬುದ್ಧಿ ಹೇಳಲಿಲ್ಲ. "ನೀನು ಸುಮ್ನೆ ಬಂದು ನಿಂತ್ಕೋ ಮಗಳೇ, ನಿನ್ನ ಪಾಲಿಂದೂ ನಾನೇ ಹಾಡ್ತೀನಿ" ಅಂದರು. ಹಾಗೇ ಹಾಡಿದರು ಕೂಡ. ಆ ಮಗು ಅವರ ಒಬ್ಬಳೇ ಮೊಮ್ಮಗಳು.

ಈಗ ಅವರ ಪಾಲಿನದನ್ನು ನಾನು ಹಾಡುತ್ತೇನೆ. ನಿಲ್ಲಲು ಜಾಗವನ್ನಷ್ಟೇ ನೀವು ಕೊಡಿ.

ಇಂತಿ,
ಅವರ ಬೆನ್ನ ಹಿಂದೆ ನಿಲ್ಲುವ ಸೊಸೆ