ಪುಸ್ತಕ ನೋಡೋದು

ಅಕ್ಕಾ,

ಮೆಕಾಂಗ್ ದಂಡೆಯ ಈ ಊರಿಗೆ ಮತ್ತೆ ಬಂದಿದ್ದೀನಿ. ಅಮ್ಮಂದಿರಿಗೂ ಮಕ್ಕಳಿಗೂ ಓದು ಕಲಿಸುವ ನಮ್ಮ ಸಂಸ್ಥೆಯ ತರಗತಿ ಹೇಗೆ ನಡೀತಿದೆ ಅಂತ ಹೋದ ಸಲ ವಿಚಾರಿಸಿದವಳು ನಾನೇ. "ಮಗು ಜೊತೆ ಪುಸ್ತಕ ನೋಡ್ತೀಯಾ?" ಅಂತ ಕೇಳಿದೆ. ನಮ್ಮ ಖ್ಮೇರ್ ಮಾತಲ್ಲಿ ಪುಸ್ತಕ ನೋಡೋದು ಅಂದ್ರೆ ಓದೋದು ತಾನೇ? ಎಲ್ಲರೂ "ದಿನಾ ನೋಡ್ತೀನಿ" ಅಂದರು. ಎಲ್ಲರಿಗೂ ಓದು ಬಂತು ಅಂತ ಬರೆದುಕೊಟ್ಟೆ. ಹಾಗಾದರೆ ಇನ್ನು ಕಲಿಸೋದೇನಿದೆ ಅಂತ ಸಂಸ್ಥೆ ತರಗತಿ ಮುಚ್ಚಿತು. ಅದನ್ನು ಹೇಳೋಕೇ ಈಗ ಬಂದದ್ದು.

ಇವತ್ತು ಫಲ್ಲಾ ಎಂಬಾಕೆ ಮಗಳನ್ನು ತೊಡೆಮೇಲೆ ಕೂರಿಸಿಕೊಂಡು, ಪುಸ್ತಕ ಬಿಡಿಸಿ, ಮೊಲದ ಕಥೆ ಹೇಳಿದಳು. ಎಷ್ಟು ಚೆಂದ ಅಂತೀಯ! ಆದರೆ ಪುಸ್ತಕದಲ್ಲಿದ್ದ ಕಥೆಯೇ ಅದಲ್ಲ. "ಅಕ್ಷರ ಎಲ್ಲಿ ಬರುತ್ತೆ ನಂಗೆ? ನೋಡ್ತೀಯಾ ಅಂದ್ರಿ, ಚಿತ್ರ ನೋಡ್ತೀನಲ್ಲಾ, ಹೂಂ ಅಂದೆ" ಅಂತ ನಕ್ಕಳು.

ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಕಚೇರಿಗೆ ಫೋನ್ ಮಾಡಿದೆ. ಟೀಚರನ್ನು ಆಗಲೇ ಬೇರೆ ಊರಿಗೆ ಕಳಿಸಿಬಿಟ್ಟಿದ್ದಾರೆ. ಇನ್ನು ತರಗತಿ ಇಲ್ಲ ಅಂತ ಫಲ್ಲಾಗೆ ಹೇಳದೆಯೇ ದೋಣಿ ಹತ್ತಿದ್ದೀನಿ.

ನನ್ನ ಜ್ವರ ಬಿಟ್ಟಿದೆ, ಅಮ್ಮನಿಗೆ ಹೇಳು. ದೋಣಿ ಹೊರಡುತ್ತಿದೆ. ಫಲ್ಲಾ ದಡದಲ್ಲಿ ನಿಂತು ಕೂಗ್ತಿದ್ದಾಳೆ: "ಸೋಮವಾರದ ತರಗತಿಯಿಂದ ನಿಜವಾಗ್ಲೂ ಓದ್ತೀನಕ್ಕಾ, ಟೀಚರ್‌ಗೆ ಹೇಳಿ!"

ಕುಂಥಿಯಾ