ಒದ್ದೆ ಗೋಣಿಯಲ್ಲಿ ಐದು ನಳ್ಳಿ

ಹಾರಂಗಿ,
18 ಡಿಸೆಂಬರ್ 2025, ಗುರುವಾರ

ಪ್ರೀತಿಯ ಕಾವ್ಯಾ,

ಹೇಗಿದ್ದೀಯ ಮಗಳೇ? ಕಾಲು ಊದುತ್ತಿದೆ ಎಂದು ಕೇಳಿದೆ. ರಕ್ತ ಕಡಿಮೆಯೆಂದು ಕೊಟ್ಟ ಮಾತ್ರೆ ತಪ್ಪಿಸಬೇಡ. ಅಕ್ಷಿತ್ ಅವರೂ ಆರೋಗ್ಯವಾಗಿರಬೇಕು. ಮದುವೆಗೆ ಬಾರದ ಮಾವ ಅಳಿಯನ ಕ್ಷೇಮ ಹೇಗೆ ವಿಚಾರಿಸಬೇಕೋ ನನಗೆ ತಿಳಿಯದು. ಫೋನು ಮಾಡಬಹುದಿತ್ತು. ಎರಡು ವರ್ಷದ ಮೇಲೆ ನೀನು ಎತ್ತಿಬಿಟ್ಟರೆ ಮೊದಲು ಏನು ಹೇಳುವುದೆಂದು ಹೊಳೆಯದೆ ಕಾಗದ ಹಿಡಿದೆ.

ನಿನಗೆ ನಳ್ಳಿ ಸಾರಿನ ಬಯಕೆಯಾಗಿದೆಯೆಂದು ಸಿದ್ದಮ್ಮತ್ತೆಯ ಹತ್ತಿರ ಹೇಳಿದೆಯಂತೆ. "ಏಳು ತಿಂಗಳಿಗೆ ತವರಿಂದ ಬಯಕೆ ಊಟ ಹೋಗ್ಬೇಕು ಕಣೋ ನಂದೀಶ. ಅವಳವ್ವ ಇದ್ದಿದ್ರೆ ಇಷ್ಟೊತ್ತಿಗೆ ಹೋಗಿ ಬಂದಿರೋಳು. ನೀನು ಹಿಂಗೇ ಗೋಡೆ ನೋಡ್ಕಂಡು ಕೂತಿರು" ಎಂದರು. ಏಡಿ ಮಾಂಸ ಉಷ್ಣವಲ್ಲವೇ ಎಂದೆ. "ಒಂದು ಬಟ್ಲಿಗೆ ಏನೂ ಆಗಲ್ಲ. ನಿನ್ನ ಹೆಂಡ್ತಿನೂ ಕುಡಿದೇ ಹೆತ್ತಿದ್ದು." ಆದರೂ ನಿನ್ನ ಡಾಕ್ಟರನ್ನು ಒಮ್ಮೆ ಕೇಳು.

ನಮ್ಮ ಗದ್ದೆಗೆ ಶುಂಠಿ ಹಾಕಿದ ಮೇಲೆ ಬದುವಿನಲ್ಲಿ ಒಂದು ನಳ್ಳಿ ಬಿಲವೂ ಉಳಿದಿಲ್ಲ. ಉಳಿದದ್ದು ಹಿನ್ನೀರು. ಅಲ್ಲಿ ಹೋಂಸ್ಟೇ ನಡೆಸುವ ಬೆಳ್ಳಿಯಪ್ಪನವರು ಪ್ರವಾಸಿಗರ ಕಯಾಕ್ ಒಂದನ್ನು ಬೆಳಗಿನ ಹೊತ್ತು ನನಗೆ ಬಿಟ್ಟುಕೊಟ್ಟರು. ಒಬ್ಬರು ಕೂರುವ ಹಳದಿ ಪ್ಲಾಸ್ಟಿಕ್ ದೋಣಿ. ನನಗೆ ಈಜು ಬಾರದು, ನಿನಗೆ ಗೊತ್ತು. ಲೈಫ್ ಜಾಕೆಟ್ ಹಾಕಿರುತ್ತೇನೆ, ಹೆದರಬೇಡ. ಹೆದರುವ ಕೆಲಸ ನಾನೇ ಮಾಡುತ್ತಿದ್ದೇನೆ. "ಏನ್ ಮಾರಾಯ್ರೇ, ಬಸ್ಸಲ್ಲಿ ಸೀಟ್ ಹಿಡಿದ ಹಾಗೆ ಕೂತಿದ್ದೀರಲ್ಲ, ಸೊಂಟ ಸ್ವಲ್ಪ ಸಡಿಲ ಬಿಡಿ" ಎಂದು ಅವರು ದಡದಿಂದ ಕೂಗುತ್ತಾರೆ. ಮೊದಲ ದಿನ ದಂಡೆಯಲ್ಲಿ ಬಿಲ ಕಂಡಿತು. ಗದ್ದೆಯಲ್ಲಿ ಮಾಡುವಂತೆ, ಯೋಚಿಸದೆ, ಕೈ ತೂರಿಸಿದೆ. ಗದ್ದೆಯಲ್ಲಿ ನಾವು ನಿಂತ ನೆಲ ಹಿಂದಕ್ಕೆ ಹೊರಡುವುದಿಲ್ಲ. ದೋಣಿ ಹೊರಟಿತು. ತೋಳು ಬಿಲದಲ್ಲಿ, ಕಾಲು ದೋಣಿಯಲ್ಲಿ. ಒಳಗೆ ಬೆರಳು ಹಿಡಿದಿದ್ದ ನಳ್ಳಿಯೊಂದೇ ನನ್ನನ್ನು ದಡಕ್ಕೆ ಕಟ್ಟಿಹಾಕಿತ್ತು. ಕೊನೆಗೆ ಅದೂ ಬಿಟ್ಟಿತು. ನೀರು ಎದೆಮಟ್ಟ ಇದ್ದದ್ದು ನನ್ನ ಪುಣ್ಯ.

ಮರುದಿನ ಬಲೆಬುಟ್ಟಿಯಲ್ಲಿ ಕೋಳಿ ಕರುಳು ಕಟ್ಟಿ ಹಗ್ಗದಿಂದ ಇಳಿಬಿಟ್ಟೆ. ಮೀನು ತಿಂದುಹೋದವು. ಕರುಳನ್ನು ಈರುಳ್ಳಿಯ ಬಲೆಚೀಲದಲ್ಲಿ ಸುತ್ತಿದ ಮೇಲೆ ನಳ್ಳಿ ಬಂತು, ಆತುರದಲ್ಲಿ ಎಳೆದೆ, ಬುಟ್ಟಿ ಓರೆಯಾಗಿ ಅದು ಜಾರಿಹೋಯಿತು. ಎಳೆಯುತ್ತಿರುವುದು ಅದಕ್ಕೆ ತಿಳಿಯಬಾರದು. ಇಷ್ಟು ಕಲಿಯಲು ಎಂಟು ಬೆಳಗು ಹಿಡಿಯಿತು. ಕೈಗೆ ಸಿಕ್ಕ ಮೊದಲನೆಯದು ಬಕೆಟ್ಟಿನಿಂದ ಹೊರಬಂದು ನನ್ನ ತೊಡೆಗಳ ನಡುವೆ ಓಡಾಡಿತು. ಎದ್ದರೆ ದೋಣಿ ಮಗುಚುತ್ತದೆ. ಕೂತೇ ಇದ್ದೆ.

ಇವತ್ತು ಐದು ಸಿಕ್ಕಿವೆ. ಅಮಾವಾಸ್ಯೆ ಹತ್ತಿರ, ಮಾಂಸ ತುಂಬಿರುತ್ತದೆ. ಆದರೆ ಸತ್ತ ನಳ್ಳಿ ಸಾರಿಗಾಗದು. ಬಕೆಟ್ಟಿಗೆ ಒದ್ದೆ ಗೋಣಿ ಹೊದಿಸಿ ಬಚ್ಚಲಲ್ಲಿಟ್ಟಿದ್ದೇನೆ. ಗಂಟೆಗೊಮ್ಮೆ ಎತ್ತಿ ನೋಡುತ್ತೇನೆ, ಅಲುಗದಿದ್ದನ್ನು ಬೆರಳಿನಿಂದ ಮುಟ್ಟುತ್ತೇನೆ, ಮಿಸುಕಿದರೆ ಬಂದು ಕೂರುತ್ತೇನೆ. ಭಾನುವಾರದವರೆಗೆ ಬದುಕಬಹುದು. ಅಂಚೆಗೆ ಅಷ್ಟು ಸಮಯವಿಲ್ಲ. ಪಕ್ಕದ ಮನೆಯ ಸಣ್ಣಸ್ವಾಮಿ ನಾಳೆ ಕಾಫಿ ಪಿಕಿಂಗ್ ಆಳುಗಳನ್ನು ಬಿಡಲು ಜೀಪಿನಲ್ಲಿ ನಿಮ್ಮ ಊರು ಬಾಳೆಲೆಗೆ ಬರುತ್ತಾನೆ. ಅವನ ಕೈಲಿ ಈ ಕಾಗದ ಕಳಿಸುತ್ತಿದ್ದೇನೆ. ನೀನು ಓದುವವರೆಗೆ ನಿಂತಿರುತ್ತಾನೆ. ಹೂಂ ಎಂದೋ ಬೇಡ ಎಂದೋ ಅವನಿಗೆ ಹೇಳಿದರೆ ಸಾಕು. ಹೂಂ ಎಂದರೆ ಭಾನುವಾರ ಮೊದಲ ಬಸ್ಸಿಗೆ ಬಂದು ನಿಮ್ಮ ಅಡುಗೆಮನೆಯಲ್ಲೇ ಸಾರು ಮಾಡುತ್ತೇನೆ. ನಿನ್ನಮ್ಮ ಅರೆಯುತ್ತಿದ್ದ ಮಸಾಲೆ ನನಗೆ ಬರುತ್ತದೆ.

ನಿನಗೂ ಹೊಟ್ಟೆಯಲ್ಲಿರುವ ಕೂಸಿಗೂ ಒಳ್ಳೆಯದಾಗಲಿ. ಅಕ್ಷಿತ್ ಅವರಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನ ಅಪ್ಪ,
ನಂದೀಶ್

ತಾ.ಕ.: ಶುಕ್ರವಾರ ಬೆಳಿಗ್ಗೆ. ಸಣ್ಣಸ್ವಾಮಿ ಹಾರನ್ ಹೊಡೆಯುತ್ತಿದ್ದಾನೆ. ಒಂದು ಸತ್ತಿದೆ, ನಾಲ್ಕು ಮಿಸುಕುತ್ತಿವೆ. ಸಾರು ಇಲ್ಲೇ ಮಾಡಿ ಕ್ಯಾರಿಯರಿನಲ್ಲಿ ಇವನ ಕೈಲೇ ಕಳಿಸಬಹುದಿತ್ತು. ಸಿದ್ದಮ್ಮತ್ತೆ ನಿನ್ನೆಯೇ ಹೇಳಿದರು. ನಾನು ಕೇಳಿಸದವನ ಹಾಗೆ ಗೋಣಿಗೆ ನೀರು ಚಿಮುಕಿಸುತ್ತಿದ್ದೆ. ನಾಲ್ಕೂ ಸತ್ತುಹೋದರೂ ನಾನು ಬರಲೇ?